ಎರಡು ಸೆಕೆಂಡು

ಚಾವಿ ಒಂದೇ ಸುತ್ತು. ಪೂರಾ ಅಲ್ಲ,
ಡ್ಯಾಶ್‌ಬೋರ್ಡಿನ ಕೆಂಪು ದೀಪ ಹತ್ತುವಷ್ಟು.
ಆಗ ಹಿಂದೆ, ಟ್ಯಾಂಕಿನ ಕತ್ತಲಲ್ಲಿ
ಎರಡೇ ಸೆಕೆಂಡು
ಒಂದು ಗುಂಯ್,
ಕೊಡದಲ್ಲಿ ಸಿಕ್ಕಿಬಿದ್ದ ದುಂಬಿಯ ಹಾಗೆ.
ಪೈಪಿನ ತುಂಬ ಪೆಟ್ರೋಲು ದೂಡಿ
ತಾನಾಗಿ ಸುಮ್ಮನಾಗುತ್ತದೆ.
ಅದು ಕೇಳಿದರೆ ಪಂಪು ಬದುಕಿದೆ.

ಇಷ್ಟು ಕಲಿಸಲು ರುಕ್ಮುದ್ದೀನ್ ಉಸ್ತಾದ
ಒಂದು ಬೇಸಿಗೆ ಪೂರಾ ತಗೊಂಡ.
ತಪ್ಪು ಅವನದಲ್ಲ.
ನಂದೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ
ನಮ್ಮ ಗ್ಯಾರೇಜಿನ ಗೋಡೆಗೆ ಗೋಡೆ ಹಚ್ಚಿ ದಾಲ್ ಮಿಲ್ಲು.
ಮುಂಜಾನೆಯಿಂದ ಸಂಜೆತನಕ ತೊಗರಿ ಒಡೆಯುವ ಸಪ್ಪಳ,
ಹೊಟ್ಟಿನ ಧೂಳು ಪಾನಾದ ಮೇಲೆ, ಚಹಾದ ಮೇಲೆ, ಹುಬ್ಬಿನ ಮೇಲೆ.
ಅದರಾಗ ದುಂಬಿ ಎಲ್ಲಿ ಕೇಳಬೇಕು?

ಅವತ್ತು ಮಾಣಿಕಪ್ಪನ ಓಮ್ನಿ ಬಂತು, ದೂಡಿಸಿಕೊಂಡು.
ಸಾಲಿ ಹುಡುಗರನ್ನ ಒಯ್ಯುವ ಗಾಡಿ;
ಹಿಂದಿನ ಗಾಜಿನ ಧೂಳಿನಲ್ಲಿ ಯಾರೋ ಬೆರಳಾಡಿಸಿ
ಒಂಬತ್ತರ ಮಗ್ಗಿ ಅರ್ಧ ಬರೆದಿದ್ದರು.
"ಸೆಲ್ಫ್ ತಿರಗ್ತದ, ಹಿಡ್ಯಂಗಿಲ್ಲ ನೋಡ್ರಿ."

ಉಸ್ತಾದ ಇಂಜಿನ್ ಮುಟ್ಟಲಿಲ್ಲ.
ಫ್ಯೂಜ್ ಕಿತ್ತು ಬಿಸಿಲಿಗೆ ಹಿಡಿದ: ತಂತಿ ಹರಿದಿಲ್ಲ.
ರಿಲೇ ತೆಗೆದು ಅದೇ ಜಾತಿಯ ಇನ್ನೊಂದು ಕೂಡಿಸಿದ:
ಫರಕ್ಕಿಲ್ಲ.
ಟ್ಯಾಂಕಿನ ಪ್ಲಗ್ಗಿಗೆ ಟೆಸ್ಟ್ ಲ್ಯಾಂಪ್ ಚುಚ್ಚಿದ.
ಬಲ್ಬು ಹತ್ತಿತು,
ಒಂದು, ಎರಡು, ಆರಿತು.
"ಕರೆಂಟ್ ಮನಿ ಬಾಗಿಲತನ ಬಂದದ, ಅಣವೀರಾ.
ಒಳಗಿನವ ಏಳ್ತಾನೋ ಇಲ್ಲೋ
ಅದನ್ನ ನೋಡಬೇಕು.
ಕೇಳು."

ಪ್ಲಗ್ಗು ಮತ್ತೆ ಹಾಕಿ, ಟ್ಯಾಂಕಿನ ಬಾಯಿಗೆ ಕಿವಿ ಹಚ್ಚಿದೆ.
ಪೆಟ್ರೋಲಿನ ವಾಸನೆ ನೆತ್ತಿಗೇರಿತು.
ತೊಗರಿ, ತೊಗರಿ, ಬರೀ ತೊಗರಿ.

ಆಗ ಲೈಟು ಹೋಯಿತು.
ಮಿಲ್ಲಿನ ಪಟ್ಟಾ ನರಳುತ್ತ ನರಳುತ್ತ ನಿಂತಿತು.
ಹಮಾಲರು ಬೈದರು.
ಪತ್ರಾದ ಮೇಲೆ ಪಾರಿವಾಳ ರೆಕ್ಕೆ ಕೊಡವಿದ್ದು,
ಶಹಾಬಾದ್ ಫರಸಿಯ ಮೇಲೆ ನಟ್ಟೊಂದು ಉರುಳಿ ಒರಗಿದ್ದು,
ಎಲ್ಲ ಕೇಳಿತು.
ಮಾಣಿಕಪ್ಪ ಚಾವಿ ತಿರುವಿದ.
ಏನೂ ಇಲ್ಲ.
ಉಸ್ತಾದ ರಬ್ಬರಿನ ಸುತ್ತಿಗೆಯಿಂದ ಟ್ಯಾಂಕಿನ ತಳಕ್ಕೆ
ಮೆಲ್ಲಗೆ ಎರಡು ಬಡಿದ,
ಸಾಲಿಗೆ ಹೊತ್ತಾದ ಮೊಮ್ಮಗನ ಬೆನ್ನು ತಟ್ಟಿದ ಹಾಗೆ.
ಮತ್ತೆ ಚಾವಿ.
ಗುಂ... ಗೊರ್... ಗುಂ.
ಕಫ ಕಟ್ಟಿದ ಗಂಟಲು. ಬಂತು, ಹೋಯಿತು.

ತಲೆ ಎತ್ತಿದರೆ
ಉಸ್ತಾದ ಟ್ಯಾಂಕು ನೋಡುತ್ತಿರಲಿಲ್ಲ.
ನನ್ನ ಮುಖ ನೋಡುತ್ತಿದ್ದ.
ಹುಬ್ಬು ಏರಿತೋ, ಬಾಯಿ ಬಿಚ್ಚಿತೋ,
ಗೇಜಿನ ಮುಳ್ಳು ನೋಡುವ ಹಾಗೆ.

ಎಷ್ಟು ವರ್ಷವಾಗಿತ್ತೋ ಅವನಿಗೆ ಆ ದುಂಬಿ ಕೇಳದೆ.
ಗ್ರೈಂಡರ್ ತಿಂದಿತೋ, ಹಾರನ್ನೋ, ಈ ಮಿಲ್ಲೋ.
ಅವನಿಗೆ ಕೇಳಿರಲಿಲ್ಲ.
ನಾನೂ ಕೇಳಲಿಲ್ಲ.
ಜೋರಾಗಿ ಅಂದೆ:
"ಸೋತದ ಉಸ್ತಾದ, ಬಡದ್ರ ಅಷ್ಟ ಏಳ್ತದ!"
"ಗೊತ್ತಾತು," ಅಂದ, "ಒದರಬ್ಯಾಡ."

ಪಂಪು ಹೊರಗೆ ಬಂತು. ಅಂಗೈಯಷ್ಟುದ್ದ,
ಮೈಯೆಲ್ಲ ಕರಿ, ಸುಟ್ಟ ವಾಸನೆ.
"ದಿನಾ ಎಷ್ಟು ಹಾಕಸ್ತಿ, ಮಾಣಿಕಪ್ಪ?"
"ನೂರು ರೂಪಾಯಿದು."
ಉಸ್ತಾದ ತುಟಿ ಓದಿ ನಕ್ಕ.
"ಇದು ಮೀನಿನ ಜಾತಿ. ಮುಳುಗಿದ್ರ ತಂಪು.
ನೀ ಕಾಂಟಾ ಕೆಂಪಿನಾಗ ಇಟ್ಟು ಓಡಸ್ದಿ.
ಕಲಬುರಗಿ ಬ್ಯಾಸಗ್ಯಾಗ
ಮೀನ ತಂದು ದಂಡಿಗಿ ಒಗದಂಗ."

ಬೀಡಿಯವರನ್ನು ಬೇವಿನ ಗಿಡದಾಚೆ ಅಟ್ಟಿ,
ಪೈಪಿಗೆ ಚಿಂದಿ ಸುತ್ತಿ ಬಿಚ್ಚಿ
ಹೊಸದು ಕೂಡಿಸಿ ಗೇಜು ಕಟ್ಟಿದೆವು.
ಮುಳ್ಳು ಜಿಗಿದು ಮೂರರ ಹತ್ತಿರ ನಿಂತಿತು.
ಈಗ ಚಾವಿ ಬಂದ್.
ಒಂದು ಚಹಾದಷ್ಟು ಹೊತ್ತು ಸುಮ್ಮನೆ ಕೂತೆವು.
ದೂಡುವುದು ಎಲ್ಲ ಪಂಪೂ ದೂಡುತ್ತದೆ;
ಬಂದ್ ಆದ ಮೇಲೆ ಎಷ್ಟು ಹಿಡಿದಿಟ್ಟಿತು,
ಅದನ್ನು ನೋಡಬೇಕು.
ಮುಳ್ಳು ಕೂದಲೆಳೆಯಷ್ಟು ಇಳಿಯಿತು. ಅಷ್ಟೇ.

ಲೈಟು ಬಂತು, ತೊಗರಿ ಬಂತು.
ಓಮ್ನಿ ಹೋಯಿತು,
ಒಂಬತ್ತೈದಲಿ ಎಷ್ಟೆಂದು ಯಾರೂ ಬರೆಯಲಿಲ್ಲ.

ಈಗಲೂ ಹಾಗೇ ಮಾಡುತ್ತೇನೆ.
ಕಿವಿ ಟ್ಯಾಂಕಿಗೆ ಹಚ್ಚುವ ಮೊದಲು
ಸ್ವಲ್ಪ ಸರಿದು ಕೂಡುತ್ತೇನೆ,
ಪತ್ರಾದ ತೂತಿನಿಂದ ಬೀಳುವ ಬಿಸಿಲು
ಮುಖದ ಮೇಲೆ ಬೀಳಲಿ ಅಂತ,
ಅವನಿಗೆ ಕಾಣಲಿ ಅಂತ.